ಕಿಟಕಿಗೆ ತಂದ ವಾರ್ನಿಶ್

ಪಾಲಿಶ್ ಅಜ್ಜನ ಬಲಗೈಯ ಐದು ಉಗುರುಗಳೂ ಹುಣಸೆಬೀಜದ ಬಣ್ಣಕ್ಕೆ ತಿರುಗಿದ್ದವು. ಎಡಗೈಯವು ಮಾತ್ರ ಎಲ್ಲರ ಉಗುರಿನಂತೆಯೇ ಇದ್ದವು. ಅವರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರೆ ಯಾರೋ ಇಬ್ಬರ ಕೈ ಬಂದು ಕೂಡಿದ ಹಾಗೆ ಕಾಣುತ್ತಿತ್ತು. ನಾನು ಅವರನ್ನು ಮೊದಲು ಕಂಡದ್ದು ಚಿತ್ರದುರ್ಗದಲ್ಲಿ, ಹೊಳಲ್ಕೆರೆ ರಸ್ತೆಯ ಒಂದು ಸಾಮಿಲ್ಲಿನ ಹಿಂದಿದ್ದ ತಗಡಿನ ಶೆಡ್ಡಿನಲ್ಲಿ. ಆ ಹೊತ್ತು ಅಲ್ಲಿದ್ದವರು ಮೂರೇ ಜನ. ಮೋಟು ಸ್ಟೂಲಿನ ಮೇಲೆ ಅಜ್ಜ, ಬಾಗಿಲ ಹತ್ತಿರ ಚಾ ಲೋಟ ಹಿಡಿದು ನಿಂತ ನಾನು, ಒಂದು ಹಲಗೆ ಪೆಟ್ಟಿಗೆಯ ಮೇಲೆ ಸೆರಗು ಹೊದ್ದು ಕುಳಿತ ನಮ್ಮ ಅತ್ತಿಗೆ. ನಡುವೆ, ಹಳೆಯ ಕೌದಿಯ ಮೇಲೆ, ತೀರಿಹೋದ ನನ್ನ ಅಣ್ಣನ ಗಿಟಾರು ಅಂಗಾತ ಮಲಗಿತ್ತು.

ಅಜ್ಜ ಅದರ ಮೇಲೆ ಒಂದು ಬೆರಳು ಊರಿದರು. ಎತ್ತುವಾಗ ಬೆರಳು ಅಂಟಿಕೊಂಡು ಪಟ್ ಅಂದಿತು.

"ಇದನ್ನ ಯಾವ ಪುಣ್ಯಾತ್ಮ ಮಾಡ್ದ?"

ನಾನು ನೆಲ ನೋಡಿದೆ. ಅತ್ತಿಗೆಯೇ ಮಾತು ಎತ್ತಿಕೊಂಡರು: "ಯಾರೋ ಮಾಡಿದ್ರು, ಬಿಡ್ರಿ ಅಜ್ಜ. ಸರಿ ಆಗ್ತೈತೋ ಇಲ್ಲೋ, ಅಷ್ಟು ಹೇಳ್ರಿ."

ಅಜ್ಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಿಟಾರನ್ನು ಬೆಳಕಿಗೆ ಓರೆ ಮಾಡಿ ನೋಡಿದರು. "ಬ್ರಷ್ಷಿನ ಗೆರೆ ಎಲ್ಲಾ ಈ ಕಡೆಯಿಂದ ಹೊರಟಾವೆ. ಎಡಗೈಯೋರು ಬಳಿದದ್ದು ಇದು" ಎಂದು ತಮಗೆ ತಾವೇ ಹೇಳಿಕೊಂಡು, ನಿಧಾನಕ್ಕೆ ತಲೆಯೆತ್ತಿ ನನ್ನ ಕೈಯಲ್ಲಿದ್ದ ಚಾ ಲೋಟವನ್ನು ನೋಡಿದರು. ನಾನು ಗಡಬಡಿಸಿ ಲೋಟವನ್ನು ಎಡಗೈಯಿಂದ ಬಲಗೈಗೆ ದಾಟಿಸಿದೆ. ಅರ್ಧ ಚಾ ಅಂಗಿಯ ಮೇಲೆ ಬಿತ್ತು.

"ಸುಮ್ನೆ ಯಾಕೆ ಸುಟ್ಕಂತೀರಿ ಮೇಷ್ಟ್ರೆ? ಇಲ್ನೋಡ್ರಿ, ಹೆಬ್ಬೆಟ್ಟು ಬೇರೆ ಒತ್ತಿ ಹೋಗೀರಿ. ಇನ್ನು ಸಾಕ್ಷಿ ಕರೆಸೋದೇ ಬ್ಯಾಡ" ಎಂದು ನಕ್ಕರು. ನಗುತ್ತ ನಗುತ್ತ ಕೆಮ್ಮಿದರು. ಆ ಕೆಮ್ಮು ನಗುವಿಗಿಂತ ಬಹಳ ಹೊತ್ತು ನಡೆಯಿತು.

ನಿಜ, ಬಳಿದವನು ನಾನೇ.

ಅಣ್ಣ ಹೊಸದುರ್ಗದಲ್ಲಿ ಕೆಲಸದಲ್ಲಿದ್ದಾಗ, ಆರ್ಕೆಸ್ಟ್ರಾ ಬಿಟ್ಟು ವ್ಯವಸಾಯಕ್ಕೆ ಇಳಿಯಲು ಹೊರಟಿದ್ದ ಒಬ್ಬರಿಂದ ಆ ಗಿಟಾರನ್ನು ತಂದಿದ್ದ. ಆಗಲೇ ಅದು ಹಳೆಯದು. ಹೊಳಲ್ಕೆರೆಯ ನಮ್ಮ ಮನೆಗೆ ಅದು ಬಂದ ದಿನ ಅಪ್ಪ, "ಏಕತಾರಿ ತಂದಿದ್ರೆ ಮಠದಾಗಾದ್ರೂ ಕುಂತು ನುಡಿಸಬಹುದಿತ್ತು, ಇದೇನ್ ತಂದ್ಯೋ ಡೊಳ್ಳು ಹೊಟ್ಟೇದು" ಎಂದು ಗೊಣಗಿದ್ದರು. ಆಮೇಲೆ ಆಮೇಲೆ ಅವರೇ ಊಟವಾದ ಮೇಲೆ, "ಎಲ್ಲಿ, ನಿನ್ನ ಡೊಳ್ಳು ತಗಿ" ಎನ್ನತೊಡಗಿದರು. ಅಣ್ಣ ಬನಿಯನ್ನಿನಲ್ಲೇ ಜಗಲಿಯ ಮೇಲೆ ಕೂತು ನುಡಿಸುತ್ತಿದ್ದ. ಮೂವತ್ತು ವರ್ಷ ಅವನ ಬಲ ಮುಂಗೈ ಅದೇ ಜಾಗದಲ್ಲಿ ಉಜ್ಜಿ ಉಜ್ಜಿ, ಗಿಟಾರಿನ ಮೇಲಂಚಿನಲ್ಲಿ ಅಂಗೈಯಗಲ ಪಾಲಿಶ್ ಪೂರ್ತಿ ಸವೆದು, ಒಳಗಿನ ಬಿಳಿ ಮರ ಕಾಣುತ್ತಿತ್ತು. ಅತ್ತಿಗೆ ಅದನ್ನು "ಅವರ ಕೈ" ಎನ್ನುತ್ತಿದ್ದರು. ಅಣ್ಣ ಬದುಕಿದ್ದಾಗ ಅದು ತಮಾಷೆ.

ಒಂದು ಬೆಳಗ್ಗೆ ಹಲ್ಲುಜ್ಜುತ್ತ ನಿಂತಿದ್ದವನು ಹಾಗೇ ಕುಸಿದು ಹೋಗಿಬಿಟ್ಟ. ಅಲ್ಲಿಂದಾಚೆಗೆ ಅತ್ತಿಗೆ ಒಂದು ರೂಢಿ ಮಾಡಿಕೊಂಡರು. ಮುಸ್ಸಂಜೆ ದೇವರ ಗೂಡಿಗೆ ದೀಪ ಹಚ್ಚಿ, ವಿಭೂತಿ ಧರಿಸಿ, ಗೋಡೆಗೆ ತೂಗುಹಾಕಿದ್ದ ಗಿಟಾರಿನ ಹತ್ತಿರ ಹೋಗಿ, ಆ ಸವೆದ ಜಾಗದ ಮೇಲೆ ಒಂದು ಕೈ ಇಟ್ಟು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಆರೂ ತಂತಿಗಳನ್ನು ಮೇಲಿನಿಂದ ಕೆಳಕ್ಕೆ ಒಂದೇ ಸಲ ಎಳೆಯುವುದು. ಶ್ರುತಿ ಇತ್ತೋ ಇಲ್ಲವೋ, ಅವರಿಗೆ ಅದು ಬೇಕಿರಲಿಲ್ಲ. ಆ ದನಿ ಗೋಡೆಗಳಲ್ಲಿ ಇಂಗುವ ತನಕ ನಿಂತಿದ್ದು, ಅಡಿಗೆಮನೆಗೆ ಹೋಗುತ್ತಿದ್ದರು. ಅವರಿಗೆ ಮಕ್ಕಳಿಲ್ಲ. ಮದುವೆಯಾಗದೆ ಉಳಿದ ನಾನೂ ಅದೇ ಮನೆಯಲ್ಲಿ. ಹಗಲೆಲ್ಲ ಅವರು ನಡೆದದ್ದು ಸಂಜೆಯ ಆ ಒಂದು ದನಿಯ ಬಲದ ಮೇಲೆ ಎಂಬುದು ನನಗೆ ತಿಳಿಯದ್ದೇನಲ್ಲ.

ಅಣ್ಣನ ಮೊದಲ ವರ್ಷದ ಪುಣ್ಯಸ್ಮರಣೆ ಬಂತು. ನೆಂಟರು ಬರುತ್ತಾರೆಂದು ಬಾಗಿಲು ಕಿಟಕಿಗಳಿಗೆಲ್ಲ ವಾರ್ನಿಶ್ ಮಾಡಿಸಿದೆವು. ಡಬ್ಬದಲ್ಲಿ ಅರ್ಧ ಉಳಿಯಿತು. ಅತ್ತಿಗೆ ಬಿ.ದುರ್ಗದ ಬಳಗವನ್ನು ಕರೆಯಲು ಹೋಗಿದ್ದ ಮಧ್ಯಾಹ್ನ, ಅಲ್ಲಲ್ಲಿ ಸಿಪ್ಪೆ ಎದ್ದು ಬಡವಾಗಿ ಕಾಣುತ್ತಿದ್ದ ಗಿಟಾರನ್ನು ಗೋಡೆಯಿಂದ ಇಳಿಸಿದೆ. ಬಂದವರ ಕಣ್ಣಿಗೆ ಅಣ್ಣನ ವಸ್ತು ಹೊಳೆಯಲಿ ಎಂಬ ಆಸೆ, ಅಷ್ಟೇ. ಮಾಳಿಗೆಗೆ ಒಯ್ದು, ತಂತಿ ಸಹ ಬಿಚ್ಚದೆ, ಕಿಟಕಿಯ ವಾರ್ನಿಶನ್ನು ಎರಡು ಸಲ ದಪ್ಪಗೆ ಬಳಿದೆ. ಕಿಟಕಿಗಿಂತ ಚೆನ್ನಾಗಿ ಹೊಳೆಯಿತು.

ಸಂಜೆ ಅತ್ತಿಗೆ ಬಂದು ದೀಪ ಹಚ್ಚಿ ಗಿಟಾರಿನ ಮೇಲೆ ಕೈ ಇಟ್ಟರು. ಕೈ ಅಂಟಿತು. ತಂತಿ ಎಳೆದರು. ಹಸಿ ಕುಂಬಳಕಾಯಿ ಬಡಿದಂತೆ ಡಬ್ ಎಂದಿತು. ಬಚ್ಚಲಿಗೆ ಹೋಗಿ ಬಹಳ ಹೊತ್ತು ಕೈ ತೊಳೆದುಕೊಂಡು ಬಂದರು. "ಚಂದ ಕಾಣ್ತೈತೆ" ಎಂದು ಹೇಳಿ ನನಗೆ ಊಟಕ್ಕೆ ಬಡಿಸಿದರು. ಮರುದಿನದಿಂದ ದೀಪ ಹಚ್ಚಿದವರು ನೇರ ಒಲೆಯ ಮುಂದೆ ಹೋಗುತ್ತಿದ್ದರು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಒಂದು ತಿಂಗಳಾದರೂ ಆ ವಾರ್ನಿಶ್ ಒಣಗಲಿಲ್ಲ. ಧೂಳು ಕೂತಿತು, ಒಂದು ಹುಳು ಅಂಟಿಕೊಂಡು ಸತ್ತಿತು. ದಾವಣಗೆರೆಯ ವಾದ್ಯದ ಅಂಗಡಿಯಲ್ಲಿ ತೋರಿಸಿದರೆ, "ಹೊಸದು ತಗೊಳ್ರಿ ಸಾರ್" ಎಂದರು. ಕೊನೆಗೆ ನಮ್ಮೂರಿನ ಬಡಗಿಯೊಬ್ಬರು ಪಾಲಿಶ್ ಅಜ್ಜನ ಗುರುತು ಹೇಳಿದರು. ಅಜ್ಜ ಗಿಟಾರು ಮುಟ್ಟಿದವರಲ್ಲ. ತೊಟ್ಟಿಲು, ಮಂಚ, ತೇಗದ ಬಾಗಿಲು, ಮಠದ ಪೀಠ, ಇವೇ ಅವರ ಕೆಲಸ. ಅದನ್ನು ಅವರು ಮೊದಲ ದಿನವೇ ಹೇಳಿದರು. "ಇದರ ಹೊಟ್ಟೆಯಾಗೆ ಏನೈತೆ ನಂಗೆ ಗೊತ್ತಿಲ್ಲ ತಾಯಿ. ಮೈ ಮಾತ್ರ ಗೊತ್ತು. ಮೈ ಹಗುರ ಮಾಡಿಕೊಡ್ತೀನಿ. ಮಾತಾಡೋದು ಬಿಡೋದು ಅದರ ಇಷ್ಟ." ಕೆರೆದು ತೆಗೆಯಲು ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ, ಅವಸರ ಮಾಡಬಾರದು ಎಂಬುದೊಂದೇ ಅವರ ಕರಾರು.

ಹಾಗಾಗಿ ಆ ವರ್ಷ ಜ್ಯೇಷ್ಠದಿಂದ ಭಾದ್ರಪದದವರೆಗೆ ನಾನು ಶನಿವಾರ ಶನಿವಾರ ಶಾಲೆ ಮುಗಿಸಿ ಚಿತ್ರದುರ್ಗದ ಬಸ್ಸು ಹತ್ತುತ್ತಿದ್ದೆ. ಅಣ್ಣನ ಕೈಯ ಗುರುತು, ಅತ್ತಿಗೆ ದೀಪ ಹಚ್ಚಿ ತಂತಿ ಎಳೆಯುತ್ತಿದ್ದದ್ದು, ಎಲ್ಲವನ್ನೂ ಮೊದಲ ಶನಿವಾರವೇ ಅಜ್ಜನಿಗೆ ಹೇಳಿಬಿಟ್ಟಿದ್ದೆ. ನೋಡಲು ಅಂಥದ್ದೇನೂ ಇರುತ್ತಿರಲಿಲ್ಲ. ಅಜ್ಜ ತಂತಿಗಳನ್ನು ಬಿಚ್ಚಿ, ಗಿಟಾರಿನ ಬಾಯಿಗೆ ಧೂಳು ಬೀಳದಂತೆ ಬಟ್ಟೆ ತುರುಕಿ, ಒಡೆದ ಗಾಜಿನ ಚೂರು ಹಿಡಿದು ಕೂತಿರುತ್ತಿದ್ದರು. ಗಾಜಿನ ಅಂಚಿನಿಂದ ಒಂದೊಂದೇ ಬೆರಳಗಲ ಕೆರೆಯುವುದು, ಟರ್ಪೆಂಟೈನ್ ಹಚ್ಚಿದ ಬಟ್ಟೆಯಿಂದ ಒರೆಸುವುದು, ಮತ್ತೆ ಕೆರೆಯುವುದು. ಎದ್ದ ಪುಡಿ ಅವರ ಹುಬ್ಬು ಮೀಸೆಗಳ ಮೇಲೆ ಹಿಟ್ಟಿನ ಗಿರಣಿಯವರಂತೆ ಕೂತಿರುತ್ತಿತ್ತು. "ಮೂಗಿಗೆ ಒಂದು ಬಟ್ಟೆ ಕಟ್ಕಳ್ರಿ ಅಜ್ಜ" ಎಂದರೆ, "ಬಟ್ಟೆ ಕಟ್ಟಿದ್ರೆ ಮರದ ವಾಸನೆ ಹೆಂಗೆ ಗೊತ್ತಾಗ್ತೈತೆ? ವಾರ್ನಿಶ್ ಹೋಯ್ತು ಅಂತ ಮೊದಲು ಹೇಳೋದು ಮೂಗು" ಎನ್ನುತ್ತಿದ್ದರು. ಕೆಮ್ಮಿನ ವಿಚಾರ ತೆಗೆದರೆ, "ಕುರಿ ಕೆಮ್ಮು ಇದು, ನಮ್ಮ ವಂಶದ್ದು" ಎಂದು ತೇಲಿಸಿಬಿಡುತ್ತಿದ್ದರು.

ಅವರದು ಐಮಂಗಲದ ಕಡೆಯ ಕುರಿ ಕಾಯುವ ಮನೆತನ. ಅವರ ತಮ್ಮಂದಿರು ಈಗಲೂ ಕುರಿ ಮೇಯಿಸುತ್ತಾರೆ. ಪಾಲಿಶ್ ಹಚ್ಚುವ ಉಂಡೆಯೊಳಗೆ ಎಲ್ಲರೂ ಹತ್ತಿ ಇಟ್ಟರೆ ಇವರು ತಮ್ಮನ ಮಂದೆಯ ಉಣ್ಣೆ ಇಡುತ್ತಿದ್ದರು. ಹತ್ತಿ ಮುದ್ದೆಯಾಗಿ ಸೋಲುತ್ತದೆ, ಉಣ್ಣೆ ಒತ್ತಿದಷ್ಟೂ ಎದ್ದು ಬರುತ್ತದೆ ಎಂಬುದು ಅವರ ವಾದ. ಸ್ಪಿರಿಟ್ಟಿನಲ್ಲಿ ಅರಗಿನ ಚಕ್ಕೆ ನೆನೆಹಾಕಿದ ಉಪ್ಪಿನಕಾಯಿ ಸೀಸೆಗಳು ಗೋಡೆಯುದ್ದಕ್ಕೂ ಇದ್ದವು, ಒಂದೊಂದರಲ್ಲೂ ಜೇನಿನ ಒಂದೊಂದು ಬಣ್ಣ.

ಒಮ್ಮೆ ನಾನು ನನ್ನ ಎಡಗೈಯನ್ನೇ ನೋಡುತ್ತ ಕೂತಿದ್ದೆ. ಅಜ್ಜ ಗಾಜು ಕೆಳಗಿಟ್ಟರು.

"ಮೇಷ್ಟ್ರೆ, ನಾನು ಕೆಲಸ ಕಲಿತ ಹೊಸದ್ರಾಗೆ ಏನ್ ಮಾಡಿದ್ದೆ ಗೊತ್ತಾ? ನಮ್ಮೂರ ದೇವರ ಪಲ್ಲಕ್ಕಿ ದಂಡಿಗೆಗೆ ಪಾಲಿಶ್ ಮಾಡ್ದೆ. ಭಕ್ತಿ ನೋಡ್ರಿ. ಮೂರು ದಿನ ಉಜ್ಜಿ ಕನ್ನಡಿ ಮಾಡಿಬಿಟ್ಟೆ. ಹೊತ್ತೋರ ಹೆಗಲ ಮ್ಯಾಲೆ ಅದು ನಿಂತ್ರೆ ಕೇಳ್ರಿ! ಸರ್ ಅಂತ ಹಿಂದೆ, ಸರ್ ಅಂತ ಮುಂದೆ. ದೇವರು ಒಳಗೆ ಉಯ್ಯಾಲೆ ಆಡ್ತಾನೆ. ಪೂಜಾರಪ್ಪ ಓಡಿ ಬಂದು, 'ಯಾವನ್ಲೇ ಅವ್ನು' ಅಂದ. ನಾನು ಬೇಲಿ ಹಾರಿ ಓಡಿದೆ."

"ಆಮೇಲೆ?"

"ಆಮೇಲೇನು, ಹಿಡ್ಕಂಡು ಬಂದ್ರು. ಇಟ್ಟಿಗೆ ಚೂರು ಕೊಟ್ಟು, 'ನೀನೇ ಒರಟು ಮಾಡು' ಅಂದ್ರು. ಕುಂತು ಉಜ್ಜಿದೆ." ಗಾಜನ್ನು ಮತ್ತೆ ಕೈಗೆತ್ತಿಕೊಂಡು, "ಪ್ರೀತಿ ಮಾಡಾದೂ ಒಂದು ಕೆಲಸ ಮೇಷ್ಟ್ರೆ. ಬರದೇ ಇದ್ರೆ ಹಿಂಗೇ ಆಗಾದು. ನೀವು ಕುಂತ್ಕಂಡು ಕೊರಗಬ್ಯಾಡ್ರಿ" ಎಂದರು. ಅಣ್ಣ ಹೋದ ಮೇಲೆ ನನ್ನನ್ನು ಯಾರಾದರೂ ಸಮಾಧಾನ ಮಾಡಿದ್ದರೆ ಅದು ಅವತ್ತೇ.

ಆಷಾಢದ ಒಂದು ವಾರ ಅವರೇ ಫೋನ್ ಮಾಡಿ, ಅತ್ತಿಗೆಯನ್ನು ಕರೆದುಕೊಂಡು ಬರಲು ಹೇಳಿದರು. ಜೋಗಿಮಟ್ಟಿ ಗುಡ್ಡದ ಕಡೆಯಿಂದ ಗಾಳಿ ಬೀಸಿ ಬೀಸಿ ಶೆಡ್ಡಿನ ತಗಡು ಬಡಿದುಕೊಳ್ಳುತ್ತಿತ್ತು. ಗಿಟಾರಿನ ಮೈಯೆಲ್ಲ ಬರಿದಾಗಿ, ಸಿಪ್ಪೆ ಸುಲಿದ ಗೆಣಸಿನಂತೆ ಕಾಣುತ್ತಿತ್ತು. ಅಣ್ಣನ ಮುಂಗೈ ಇದ್ದ ಅಂಗೈಯಗಲದ ಜಾಗವೊಂದು ಮಾತ್ರ ಕಪ್ಪಾಗಿ, ಅಂಟಂಟಾಗಿ ಹಾಗೇ ಉಳಿದಿತ್ತು.

ಅಜ್ಜ ಅತ್ತಿಗೆಯ ಎದುರು ಕೂತು ಹೇಳಿದರು: "ತಾಯಿ, ಬೇರೆ ಕಡೆ ಹಳೇ ಪಾಲಿಶ್ ಇತ್ತು. ವಾರ್ನಿಶ್ ಅದರ ಮ್ಯಾಲೆ ಕುಂತಿತ್ತು, ಎದ್ದು ಬಂತು. ಇಲ್ಲಿ ಮರ ಬರೀ ಮೈಯಾಗಿತ್ತು. ಕುಡಿದುಬಿಟ್ಟೈತೆ. ತಗೀಬೇಕಂದ್ರೆ ಮರನೇ ಕೆರೀಬೇಕು. ಕೆರೆದ್ರೆ ನಿಮ್ಮ ಯಜಮಾನ್ರ ಗುರುತು ಹೋಗ್ತೈತೆ."

"ಬಿಟ್ರೆ?" ಅತ್ತಿಗೆ ಕೇಳಿದರು.

"ಬಿಟ್ರೆ ಅಂಟು ಹೋಗಂಗಿಲ್ಲ. ಹೊಸ ಪಾಲಿಶ್ ಅದನ್ನ ಒಪ್ಪಂಗಿಲ್ಲ. ಅಲ್ಲಿಂದ ಸುರುವಾಗಿ ವರ್ಷದಾಗೆ ಎಲ್ಲಾ ಕಡೆ ಏಳ್ತೈತೆ. ಆವಾಗ ಮತ್ತೆ ಕೆರಿಯಾಕೆ ಈ ಮರದಾಗೆ ದಪ್ಪ ಇಲ್ಲ. ಗುರುತು ಬೇಕಂದ್ರೆ ಹಿಂಗೇ ತಂತಿ ಕಟ್ಟಿ ಕೊಡ್ತೀನಿ, ಒಯ್ದು ಇಟ್ಕಳ್ರಿ. ದನಿ ಬೇಕಂದ್ರೆ ಕೆರೀಬೇಕು. ನಾನು ಕೇಳದೆ ಮಾಡಂಗಿಲ್ಲ."

ನನಗೆ ಆ ತಗಡಿನ ಶೆಡ್ಡು ಗಾಳಿಗೆ ಹಾರಿ ನನ್ನ ತಲೆಯ ಮೇಲೆ ಬೀಳಬಾರದೇ ಅನ್ನಿಸಿತು. ಅಣ್ಣನ ಕೈಯನ್ನು ನಾನೇ ಮುಚ್ಚಿದ್ದೆ. ಈಗ ಅದನ್ನು ಅಳಿಸು ಎಂದು ಅತ್ತಿಗೆಯ ಬಾಯಿಂದಲೇ ಹೇಳಿಸಬೇಕಿತ್ತು. ಅತ್ತಿಗೆ ಅಜ್ಜನನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

ಅಜ್ಜ ಎದ್ದು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡರು. "ಬರ್ರಿ ಮೇಷ್ಟ್ರೆ, ಚಾ ಕುಡಿಯಾಣ."

"ಅಲ್ಲ ಅಜ್ಜ, ಇವರೊಬ್ರೇ..."

"ನಂಗೆ ಚಾ ಬೇಕಾಗೈತೆ. ಬರ್ರಿ ಅಂದ್ರೆ ಬರ್ರಿ."

ತೋಳು ಹಿಡಿದು ಎಳೆದುಕೊಂಡೇ ಹೋದರು, ಹೊರಗಿನಿಂದ ಬಾಗಿಲು ಮುಂದಕ್ಕೆ ಮಾಡಿದರು. ಹೋಟೆಲಿನಲ್ಲಿ ಒಂದು ಚಾ ಆಯಿತು, ಎರಡಾಯಿತು. ಅಜ್ಜನಿಗೆ ಎರಡನೆಯದು ಬೇಡವಾಗಿತ್ತು, ಅರ್ಧಕ್ಕೇ ಬಿಟ್ಟರು. ಆದರೂ ಏಳಲಿಲ್ಲ. ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತ ಕೂತರು. ನಾನು ಏಳಲು ಹೋದಾಗಲೆಲ್ಲ ನನ್ನ ಮೊಣಕಾಲ ಮೇಲೆ ಕೈ ಇಟ್ಟು ಕೂರಿಸಿದರು. ಸುಮಾರು ಮುಕ್ಕಾಲು ಗಂಟೆ ಕಳೆದ ಮೇಲೆ, "ಈಗ ಹೋಗಾಣ" ಎಂದರು.

ಅತ್ತಿಗೆ ಅದೇ ಪೆಟ್ಟಿಗೆಯ ಮೇಲೆ ಕೂತಿದ್ದರು. ಅವರ ಬಲ ಅಂಗೈಯೆಲ್ಲ ಕಂದು ಅಂಟು. "ಕೆರೀರಿ ಅಜ್ಜ" ಎಂದರು. "ಕೈ ಹೆಂಗೂ ಇಲ್ಲ. ದನಿ ಬರ್ಲಿ."

ಅಜ್ಜ ಒಂದು ಬಟ್ಟೆಗೆ ಟರ್ಪೆಂಟೈನ್ ಸುರಿದು ಕೊಟ್ಟರು, ಕೈ ಒರೆಸಿಕೊಳ್ಳಲು. ಅತ್ತಿಗೆ ಅದನ್ನು ತೆಗೆದುಕೊಂಡರು, ಆದರೆ ಒರೆಸಿಕೊಳ್ಳಲಿಲ್ಲ. ಹೊಳಲ್ಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವಾಗಲೂ ಆ ಬಟ್ಟೆ ಎಡಗೈಯಲ್ಲೇ ಇತ್ತು.

ಆಮೇಲೆ ಒಂದೂವರೆ ತಿಂಗಳು ಅಜ್ಜ ಪಾಲಿಶ್ ಸೀಸೆ ತೆರೆಯಲಿಲ್ಲ. ಆಷಾಢದ ಗಾಳಿ ನಿಲ್ಲಬೇಕು, ಶ್ರಾವಣದ ತೇವ ಇಳಿಯಬೇಕು. ಗಾಳಿಯಲ್ಲಿ ಹಚ್ಚಿದರೆ ಧೂಳು, ತೇವದಲ್ಲಿ ಹಚ್ಚಿದರೆ ಬಿಳಿ ಮಬ್ಬು. ಭಾದ್ರಪದದ ಮೊದಲ ವಾರ, "ಮನೆಯಾಗಿನ ಹಳೇ ಪಂಚೆ ಒಂದು ಕೊಡ್ರಿ, ತೊಳೆದು ತೊಳೆದು ಮೆತ್ತಗಾಗಿರಬೇಕು" ಎಂದು ಹೇಳಿ ಕಳಿಸಿದರು, ಉಣ್ಣೆಯುಂಡೆಗೆ ಸುತ್ತಲು. ಅತ್ತಿಗೆ ಪೆಟ್ಟಿಗೆಯಿಂದ ಒಂದನ್ನು ತೆಗೆದು ಮಡಿಚಿ ನನ್ನ ಕೈಲಿಟ್ಟರು. ಅಜ್ಜ ಅದನ್ನು ಮೂಗಿಗೆ ಹಿಡಿದು ನೋಡಿ, "ಯಾರದು ಇದು?" ಎಂದರು.

"ಅಣ್ಣನದು."

ಮತ್ತೆ ಹೇಗಿತ್ತೋ ಹಾಗೆಯೇ ಮಡಿಚಿ ನನ್ನ ಚೀಲಕ್ಕೆ ಹಾಕಿದರು. "ವಾಪಸ್ ಕೊಡ್ರಿ ಅಮ್ಮಾರಿಗೆ. ಪಾಲಿಶ್ ಬಟ್ಟೆ ಕಡೀಗೆ ಬಿಸಾಡೋ ವಸ್ತು." ಹಗ್ಗದ ಮೇಲೆ ಒಣಗುತ್ತಿದ್ದ ತಮ್ಮದೇ ಪಂಚೆಯನ್ನು ಪರ್ರನೆ ಹರಿದರು.

ಪಾಲಿಶ್ ಹಚ್ಚುವಾಗ ಅವರ ಜೊತೆ ಮಾತಾಡುವಂತಿರಲಿಲ್ಲ. ಉಂಡೆ ಮರದ ಮೇಲೆ ಇಳಿದ ಮೇಲೆ ನಿಲ್ಲಬಾರದು, ನಿಂತ ಕಡೆ ಕಲೆ ಬೀಳುತ್ತದೆ. ಸಣ್ಣ ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು, ಕೊನೆಗೆ ಅಂಚಿನಿಂದ ಜಾರಿ ಗಾಳಿಗೆ. ಫೋನು ಬಡಿದುಕೊಳ್ಳಲಿ, ಸಾಮಿಲ್ಲಿನ ಮಾಲೀಕರೇ ಬಂದು ನಿಲ್ಲಲಿ, ಆ ಸುತ್ತು ಮುಗಿಯುವ ತನಕ ಅಜ್ಜ ತಲೆಯೆತ್ತುತ್ತಿರಲಿಲ್ಲ. ಕೆಮ್ಮು ಬಂದರೂ ಅಷ್ಟೇ. ಕುತ್ತಿಗೆಯ ನರ ಉಬ್ಬುತ್ತಿತ್ತು, ಕಣ್ಣು ಕೆಂಪಾಗುತ್ತಿತ್ತು, ಕೈ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು. ಅಂಚು ದಾಟಿದ ಮೇಲೆ ಉಂಡೆ ಇಟ್ಟು, ಹೊರಗೆ ಹೋಗಿ ಗೋಡೆ ಹಿಡಿದು ಕೆಮ್ಮುತ್ತಿದ್ದರು. "ತೆಳ್ಳಗೆ, ತೆಳ್ಳಗೆ" ಎಂದು ಒಳಗೆ ಬಂದು ತಾವೇ ಹೇಳಿಕೊಳ್ಳುತ್ತಿದ್ದರು. "ಮರಕ್ಕೆ ಅಂಗಿ ತೊಡಿಸಬೇಕು, ಗೋಡೆ ಕಟ್ಟಬಾರದು."

ಗಿಟಾರನ್ನು ತೆಗೆದುಕೊಂಡು ಹೋಗಲು ನಾನು ಬರುತ್ತೇನೆಂದರೆ ಒಪ್ಪಲಿಲ್ಲ. ದುರ್ಗದಲ್ಲಿ ಚರ್ಚಿನ ಹಾಡುಗಾರರೊಬ್ಬರ ಹತ್ತಿರ ಹೊಸ ತಂತಿ ಹಾಕಿಸಿ, ಶ್ರುತಿ ಮಾಡಿಸಿ, ಕಂಬಳಿಯಲ್ಲಿ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಾವೇ ಹೊಳಲ್ಕೆರೆಗೆ ಬಂದರು. ಬಂದದ್ದು ಮಧ್ಯಾಹ್ನ. ಕಂಬಳಿ ಬಿಚ್ಚಲಿಲ್ಲ. ಊಟ ಮಾಡಿ ಜಗಲಿಯ ಮೇಲೆ ಕೂತರು.

"ತೋರಿಸ್ರಿ ಅಜ್ಜ" ಎಂದೆ.

"ನಿಮಗಲ್ಲ ಮೇಷ್ಟ್ರೆ. ದೀಪ ಹಚ್ಚೋ ಹೊತ್ತಾಗ್ಲಿ. ಅಮ್ಮಾರು ಎಳೆದಾಗ ಕೇಳಬೇಕು ಅಂತ್ಲೇ ಬಂದೀನಿ."

ಅತ್ತಿಗೆ ದೀಪ ಹಚ್ಚಿದರು. ಅಜ್ಜ ಗಿಟಾರನ್ನು ಅದೇ ಮೊಳೆಗೆ ತೂಗುಹಾಕಿ ಹಿಂದೆ ಸರಿದು ನಿಂತರು. ಅದು ಕಿಟಕಿಯಂತೆ ಹೊಳೆಯುತ್ತಿರಲಿಲ್ಲ. ಎಣ್ಣೆ ಹಚ್ಚಿ ಎರೆದುಕೊಂಡ ಮೈಯಂತೆ ಒಳಗಿನಿಂದ ಬೆಚ್ಚಗೆ ಕಾಣುತ್ತಿತ್ತು. ಅತ್ತಿಗೆಯ ಎಡಗೈ ರೂಢಿಯಂತೆ ಮೇಲಂಚಿಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ, ಎಲ್ಲ ಕಡೆಯಂತೆ ನುಣುಪು. ಆ ಕೈ ಸ್ವಲ್ಪ ಆಚೆ ಈಚೆ ಹುಡುಕಿತು. ಆಮೇಲೆ ಅವರು ತಂತಿ ಎಳೆದರು.

ದನಿ ಬಂತು. ಮೊದಲಿನದ್ದಕ್ಕಿಂತ ಒಂದೆಳೆ ಸಣ್ಣದು, ಆದರೆ ನಡುಮನೆ ದಾಟಿ ಜಗಲಿಯವರೆಗೂ ಹೋಯಿತು. ಅತ್ತಿಗೆ ಗೋಡೆಗೆ ಹಣೆ ಒತ್ತಿ ಅತ್ತರು. ಅಣ್ಣ ಹೋದ ದಿನವೂ ನಮ್ಮೆದುರು ಹಾಗೆ ಅತ್ತವರಲ್ಲ.

ಅಜ್ಜ ತಪ್ಪು ಮಾಡಿದವರಂತೆ ನಿಂತಿದ್ದರು. "ಮೊದಲಿಂದು ಬಂದಿಲ್ಲ ತಾಯಿ. ನನ್ನ ಕೈಲಿ ಇಷ್ಟೇ ಆಯ್ತು."

"ಸಾಕಜ್ಜ" ಎಂದರು ಅತ್ತಿಗೆ. "ಇಷ್ಟು ದಿನ ಇದೂ ಇರ್ಲಿಲ್ಲ." ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿ, "ಅಜ್ಜಾರಿಗೆ ಹಾಸಿಗೆ ಹಾಕಪ್ಪ, ಇವತ್ತು ಇಲ್ಲೇ ಇರ್ತಾರೆ" ಎಂದರು. ಅಜ್ಜ ನಿಲ್ಲಲಿಲ್ಲ. ಕಡೆಯ ಬಸ್ಸಿಗೆ ಹೊರಟೇಬಿಟ್ಟರು. ಎರಡು ಬಣ್ಣದ ಉಗುರಿನ ಕೈಗಳನ್ನು ಜೋಡಿಸಿ ಬಸ್ಸಿನ ಕಿಟಕಿಯಿಂದ ನಮಸ್ಕಾರ ಮಾಡಿದರು. ನಾನು ಅವರನ್ನು ಮತ್ತೆ ಜೀವಂತ ನೋಡಲಿಲ್ಲ.

ಶಿವರಾತ್ರಿಗೆ ಇನ್ನೂ ಕೆಲವು ದಿನ ಇರುವಾಗ ಅಜ್ಜನ ಫೋನಿನಿಂದ ಕರೆ ಬಂತು. ಮಾತಾಡಿದವರು ಅವರ ಹೆಂಡತಿ. "ಮೇಷ್ಟ್ರೇನಪ್ಪ? ಪಾಲಿಶ್ ಅಜ್ಜ ಹೋದ್ರು. ಊರಿಗೆ ತಂದೀವಿ." ನಾನು ಒಬ್ಬನೇ ಹೊರಡುವುದೆಂದುಕೊಂಡೆ. ಅಣ್ಣ ತೀರಿಹೋದ ಮೇಲೆ ಅತ್ತಿಗೆ ಯಾವ ಸಾವಿನ ಮನೆಗೂ ಕಾಲಿಟ್ಟಿರಲಿಲ್ಲ, ತಮ್ಮ ಸ್ವಂತ ಚಿಕ್ಕಮ್ಮನದಕ್ಕೂ ಹೋಗಿರಲಿಲ್ಲ. ಚಪ್ಪಲಿ ಮೆಟ್ಟುವಾಗ ನೋಡಿದರೆ ಅವರು ಬಾಗಿಲಿಗೆ ಬೀಗ ಹಾಕುತ್ತಿದ್ದರು.

ಐಮಂಗಲದಲ್ಲಿ ಇಳಿದು ಒಂದು ಆಟೊ ಹಿಡಿದೆವು. ಮನೆಯ ಮುಂದೆ ಬೇವಿನ ಮರದ ಕೆಳಗೆ ಗಂಡಸರು, ಪಡಸಾಲೆಯಲ್ಲಿ ಹೆಂಗಸರು. ಅಜ್ಜನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಅವರ ಹೆಂಡತಿ ಅತ್ತಿಗೆಯನ್ನು ಎಂದೂ ನೋಡಿದವರಲ್ಲ. ಆದರೂ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಧೂಳು, ಸ್ಪಿರಿಟ್ಟು ಎರಡೂ ಬಿಡು, ಎದೆಯಾಗೆ ಜಾಗ ಇಲ್ಲ ಅಂತ ಹ್ವಾದ ಯುಗಾದಿಗೇ ಡಾಕ್ಟ್ರು ಹೇಳಿದ್ರವ್ವ. ಶೆಡ್ಡಿಗೆ ಬೀಗ ಹಾಕ್ತೀನಿ ಅಂದಿದ್ರು. ಆಮೇಲೆ ಒಂದಿನ ಬಂದು, 'ಹೊಳಲ್ಕೆರೆದು ಒಂದು ಗಿಟಾರ್ ಐತೆ, ಅದು ಮುಗಿಸಿಬಿಡ್ತೀನಿ' ಅಂದ್ರು. ನಾನು ಬೈದೆ. ಬೈದ್ರೆ ಕೇಳೋರಾ?"

ನಾನೂ ಬಾಗಿಲಲ್ಲಿ ನಿಂತು ಕೇಳಿಸಿಕೊಂಡೆ. ಯುಗಾದಿಗೆ ವೈದ್ಯರು ಹೇಳಿದ್ದು, ನಾವು ಗಿಟಾರು ಹೊತ್ತು ಹೋದದ್ದು ಜ್ಯೇಷ್ಠದಲ್ಲಿ. ಆ ಲೆಕ್ಕವನ್ನು ನಾನು ಈಗಲೂ ಮಾಡುತ್ತಿರುತ್ತೇನೆ.

ಮಣ್ಣು ಮಾಡಿ ಬಂದ ಮೇಲೆ ಹೊರಡಲು ಅತ್ತಿಗೆಯನ್ನು ಕರೆದೆ. ಅವರು ಒಂದು ಲೋಟದಲ್ಲಿ ಗಂಜಿ ಹಿಡಿದು, ಬೇಡವೆನ್ನುತ್ತಿದ್ದ ಆ ಮುದುಕಿಗೆ ಗುಟುಕು ಗುಟುಕಾಗಿ ಕುಡಿಸುತ್ತಿದ್ದರು. ಪಕ್ಕದಲ್ಲಿದ್ದ ಹೆಂಗಸೊಬ್ಬಳು, "ನೀವು ಏನಾಗಬೇಕವ್ವ ಇವರಿಗೆ?" ಎಂದು ಕೇಳಿದಳು.

"ಮಗಳು" ಎಂದರು ಅತ್ತಿಗೆ. ಆಮೇಲೆ ನನ್ನ ಕಡೆ ನೋಡಿ, "ನೀನು ಹೋಗಪ್ಪ. ಮೂರು ದಿನದ್ದು ಮುಗಿಸ್ಕಂಡು ಬರ್ತೀನಿ" ಎಂದರು.

ನಾನು ಐಮಂಗಲದವರೆಗೆ ನಡೆದುಕೊಂಡೇ ಬಂದು ದುರ್ಗದ ಬಸ್ಸು ಹತ್ತಿದೆ. ಮೂರು ದಿನ ಎಂದವರು ಹನ್ನೊಂದು ದಿನ ಅಲ್ಲಿದ್ದರು.